ಕೋಳಿಮರಿಗಳಿಗೆ ಕಾವು ಕೊಡುವ ಬಗೆ

ಬೆಂಗಳೂರಿನ ಹವೆ ಹಿತವಾದದ್ದು ಎಂಬ ಮಾತು ಮನುಷ್ಯರಿಗೆ ಸರಿ, ಮೈಮೇಲೆ ಬರೀ ತುಪ್ಪುಳವಿರುವ ಒಂದು ದಿನದ ಕೋಳಿಮರಿಗೆ ಅದು ಸಲ್ಲದು. ಮೊದಲ ವಾರ ಆ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ನಮ್ಮಲ್ಲಿ ಮಳೆಗಾಲದ ರಾತ್ರಿಗಳು 20ರ ಆಸುಪಾಸಿಗೂ ಡಿಸೆಂಬರ್, ಜನವರಿಯ ರಾತ್ರಿಗಳು 15–16ಕ್ಕೂ ಇಳಿಯುತ್ತವೆ. ಆದ್ದರಿಂದ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಿಂದ ತರಲಿ, ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯನ್ನೇ ತರಲಿ, ಮರಿ ಮನೆಗೆ ಬರುವ ಹಿಂದಿನ ದಿನವೇ ಬ್ರೂಡರ್, ಅಂದರೆ ಕಾವು ಕೊಡುವ ಗೂಡು, ಸಿದ್ಧಪಡಿಸಿ, ದೀಪ ಉರಿಸಿ, ಹಾಸಿದ ಹೊಟ್ಟು ಬೆಚ್ಚಗಾಗಿದೆಯೇ ಎಂದು ಅಂಗೈ ಒತ್ತಿ ನೋಡಿಕೊಂಡಿರಬೇಕು. ತಳ್ಳುಗಾಡಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನು ಮಾತ್ರ ಮಕ್ಕಳ ಹಟಕ್ಕೆ ಮಣಿದು ಕೊಳ್ಳಬೇಡಿ. ಅವು ಬಹುಮಟ್ಟಿಗೆ ಮೊಟ್ಟೆತಳಿಯ ಹುಂಜಮರಿಗಳು, ಮನೆ ಸೇರುವ ಮೊದಲೇ ಬಿಸಿಲಿಗೂ ಗಾಳಿಗೂ ಬಳಲಿರುತ್ತವೆ.

ಗೂಡು ದುಂಡಗಿರಲಿ. ಮೂಲೆಗಳಿದ್ದರೆ ಚಳಿಗೆ ಹೆದರಿದ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟುತ್ತವೆ. ಒಂದೂವರೆ ಅಡಿ ಎತ್ತರದ ದಪ್ಪ ರಟ್ಟನ್ನೋ ತಗಡನ್ನೋ ಬಳೆಯಾಗಿ ಬಗ್ಗಿಸಿ, ಒಳಗೆ ಎರಡಂಗುಲ ಒಣ ಭತ್ತದ ಹೊಟ್ಟನ್ನು ಹರಡಿದರೆ ಸಾಕು. ಮೊದಲ ಎರಡು ಮೂರು ದಿನ ಅದರ ಮೇಲೆ ಕಾಗದ ಹಾಸುವ ರೂಢಿಯಿದೆ, ಆದರೆ ನುಣುಪು ಕಾಗದ ಬೇಡ. ಕಾಲು ಜಾರಿ ಎರಡೂ ಬದಿಗೆ ಚಾಚಿಕೊಂಡ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ.

ಈಗ ಹೆಚ್ಚಿನವರು ಎಡವುವುದು ದೀಪದ ವಿಷಯದಲ್ಲಿ. ಎಲ್‌ಇಡಿ ಬಲ್ಬು ಗೂಡನ್ನು ಬೆಳಗುತ್ತದೆಯೇ ಹೊರತು ಬೆಚ್ಚಗಿಡುವುದಿಲ್ಲ. ಹಳೆಯ ತಂತಿಯ ಬಲ್ಬನ್ನೋ ಇನ್‌ಫ್ರಾರೆಡ್ ಬಲ್ಬನ್ನೋ ಹುಡುಕಿ ತನ್ನಿ; ಸಾದಾ ಬಲ್ಬಾದರೆ ಮರಿಯೊಂದಕ್ಕೆ ಎರಡು ವ್ಯಾಟ್ ಎಂಬ ಲೆಕ್ಕವಿದೆ, ಚಳಿಗಾಲದಲ್ಲಿ ಅದಕ್ಕಿಂತ ಹೆಚ್ಚೇ ಇರಲಿ. ಒಂದು ದೊಡ್ಡ ಬಲ್ಬಿಗಿಂತ ಎರಡು ಚಿಕ್ಕವು ಮೇಲು, ಏಕೆಂದರೆ ನಡುರಾತ್ರಿ ಒಂದು ಹೋದರೂ ಇನ್ನೊಂದು ಉಳಿದಿರುತ್ತದೆ. ಬಿಸಿ ಬಲ್ಬು ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುವುದರಿಂದ ಅದನ್ನು ವೈರಿನಿಂದಲೇ ಇಳಿಬಿಡದೆ ಸರಪಳಿಯಿಂದ ತೂಗುಹಾಕಿ. ಕರೆಂಟು ಹೋದಾಗ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಗಾಳಿಗೆ ಸಂದು ಬಿಟ್ಟು ಗೋಣಿಚೀಲ ಹೊದಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವುದು ಮರಿಗಳಿಗೂ ಮನೆಯವರಿಗೂ ಅಪಾಯ.

ಉಷ್ಣಮಾಪಕ ಇರಲಿ, ಆದರೆ ತೀರ್ಮಾನ ಮರಿಗಳದ್ದೇ. ದೀಪದಡಿ ಗುಂಪುಗಟ್ಟಿ ಚೀರುತ್ತಿದ್ದರೆ ಚಳಿ. ಅಂಚಿಗೆ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಬದಿಗೆ ಒತ್ತಿಕೊಂಡಿದ್ದರೆ ಎದುರಿನ ಬಾಗಿಲ ಸಂದಿಯಿಂದ ಗಾಳಿ ನುಗ್ಗುತ್ತಿದೆ ಎಂದೇ ಅರ್ಥ. ಮಲಗುವ ಮುನ್ನ ಒಂದೆರಡು ಮರಿಗಳನ್ನು ಎತ್ತಿ ಅವುಗಳ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ದೀಪವನ್ನು ತುಸು ಇಳಿಸಬೇಕು. ಹಾಗೆಯೇ ಕತ್ತಿನ ಬುಡದ ಮೇವಿನ ಚೀಲವನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ತುಂಬಿ ಮೆತ್ತಗಿದ್ದರೆ ಮರಿ ತಿಂದು ಕುಡಿದಿದೆ, ಗಟ್ಟಿಯಿದ್ದರೆ ನೀರು ಸಾಲದು, ಬರಿದಾಗಿದ್ದರೆ ಆ ಮರಿಗೆ ಮೇವಿನ ತಟ್ಟೆಯೇ ಸಿಕ್ಕಿಲ್ಲ. ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ, ದೀಪವನ್ನು ಮೇಲೇರಿಸುತ್ತ ಕಾವು ತಗ್ಗಿಸುತ್ತ ಹೋಗಿ.

ಬಂದೊಡನೆ ಮೊದಲು ನೀರು, ಆಮೇಲೆ ಮೇವು. ಪ್ರಯಾಣದ ದಣಿವಿಗೆ ಮೊದಲ ಸಲದ ನೀರಿಗೆ ತುಸು ಬೆಲ್ಲ ಬೆರೆಸಬಹುದು. ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿ ತೋರಿಸಿ, ಮುಳುಗದಂತೆ ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲುಗಳನ್ನು ಹಾಕಿ. ನುಚ್ಚನ್ನೇ ನಂಬಿಕೊಳ್ಳದೆ ಚಿಕ್ ಸ್ಟಾರ್ಟರ್ ಎಂಬ ಎಳೆಮರಿಗಳ ಸಿದ್ಧ ಆಹಾರ ಕೊಡಿ. ಹಿಂಭಾಗದಲ್ಲಿ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಕಿತ್ತೆಳೆಯದೆ, ಬೆಚ್ಚನೆಯ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಕರಗಿಸಿ ಒರೆಸಿ, ಒಣಗಿಸಿಯೇ ಒಳಗೆ ಬಿಡಿ. ಒದ್ದೆ ಹೊಟ್ಟನ್ನು ಅಂದಂದೇ ತೆಗೆಯದಿದ್ದರೆ ಮೂರನೆಯ ವಾರದಿಂದಾಚೆಗೆ ರಕ್ತಭೇದಿ ಕಾಣಿಸಿಕೊಳ್ಳುವುದುಂಟು; ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶುವೈದ್ಯರನ್ನು ಕೇಳಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) 5–7ನೆಯ ದಿನ ಲಸೋಟಾ ಎಂಬ ಲಸಿಕೆಯ ಹನಿ, ಗಂಬೋರೊ ಎಂಬ ಸೋಂಕುರೋಗಕ್ಕೆ ಸುಮಾರು 14ನೆಯ ದಿನದ ಲಸಿಕೆ, ಇವೆರಡನ್ನು ತಪ್ಪಿಸಬಾರದು. ಲಸಿಕೆಯನ್ನು ಮಂಜುಗಡ್ಡೆಯಿಟ್ಟ ಥರ್ಮಾಸಿನಲ್ಲೇ ತನ್ನಿ. ನೀರಿನಲ್ಲಿ ಬೆರೆಸಿ ಕೊಡುವ ಲಸಿಕೆಗೆ ನಲ್ಲಿಯ ಕಾವೇರಿ ನೀರು ಸಲ್ಲದು, ಅದರಲ್ಲಿನ ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ.

ನಾಲ್ಕನೆಯ ವಾರದಲ್ಲಿ ಮೊದಲು ಹಗಲು ದೀಪ ಆರಿಸಿ. ಇಬ್ಬನಿ ಆರಿದ ಮೇಲೆ ಒಂದು ಗಂಟೆ ಅಂಗಳದ ಬಿಸಿಲಿಗೆ ಬಿಡಬಹುದು, ಆದರೆ ಬಲೆ ಹೊದಿಸಿದ ಆವರಣದೊಳಗೆ, ಏಕೆಂದರೆ ಈ ಊರಿನ ಹದ್ದು, ಕಾಗೆಗಳಿಗೆ ಅಷ್ಟು ಹೊತ್ತೇ ಸಾಕು. ಎದೆ, ಬೆನ್ನಿಗೆಲ್ಲ ಗರಿ ಕೂಡಿಕೊಳ್ಳುವುದು ಐದಾರು ವಾರಕ್ಕೆ. ಜಡಿಮಳೆಯಿದ್ದರೆ ಇನ್ನೊಂದು ವಾರ ಒಳಗೇ ಇರಲಿ, ದೊಡ್ಡ ಕೋಳಿಗಳ ಜೊತೆ ಕೂಡಲೇ ಬೆರೆಸಬೇಡಿ. ಹೊರಗಿನ ಗೂಡಿಗೆ ಹೆಗ್ಗಣ ತೂರದಂಥ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಬೇಕು. ಮೊದಲ ಕೆಲವು ಸಂಜೆ ಮರಿಗಳಿಗೆ ಗೂಡು ಸೇರುವುದು ತಿಳಿಯದೆ ಬೇಲಿಯ ಮೂಲೆಯಲ್ಲೇ ಮುದುಡಿ ಕೂರುತ್ತವೆ. ಕತ್ತಲಾದ ಕೂಡಲೇ ಹೋಗಿ ಒಂದೊಂದನ್ನೇ ಎತ್ತಿ ಒಳಗಿನ ತಗ್ಗಾದ ಅಡ್ಡಕೋಲಿನ ಮೇಲೆ ಕೂರಿಸಿ, ತಾವಾಗಿ ಹತ್ತುವವರೆಗೂ ಹೀಗೆ ಮಾಡಬೇಕಾಗುತ್ತದೆ.