ಹಿಮೋಗ್ಲೋಬಿನ್ ಚಿತ್ರದ ಹಿನ್ನೆಲೆಯನ್ನು ಸರಿಪಡಿಸಿದ ಬಗೆ: ನನ್ನ ಅನುಭವ

ತಿಳಿನೀಲಿ ಬಣ್ಣದ ಪೋಸ್ಟರೊಂದರ ಮೇಲೆ ಹಿಮೋಗ್ಲೋಬಿನ್ನಿನ ಚಿತ್ರವನ್ನು, ಸುತ್ತ ಯಾವ ಚೌಕಟ್ಟೂ ಕಾಣದಂತೆ ಕೂರಿಸಬೇಕಾಗಿತ್ತು. ಪ್ರೋಟೀನುಗಳ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನ 4ಎಚ್‌ಎಚ್‌ಬಿ ಎಂಬ ಗುರುತಿನ ಹಿಮೋಗ್ಲೋಬಿನ್ ರಚನೆಯನ್ನು, ಅಣುಗಳನ್ನು ಚಿತ್ರಿಸುವ ತಂತ್ರಾಂಶವಾದ ಪೈಮಾಲ್‌ನಲ್ಲಿ ತೆರೆದು, ಅದರ ನಾಲ್ಕು ಪ್ರೋಟೀನ್ ಸರಪಳಿಗಳಿಗೆ ನಾಲ್ಕು ಬಣ್ಣ ಕೊಟ್ಟು, ಆಮ್ಲಜನಕವನ್ನು ಹಿಡಿದಿಡುವ ಹೀಮ್ ಗುಂಪುಗಳನ್ನು ಕಡ್ಡಿಗಳಾಗಿ ತೋರಿಸಿ, ಹಿನ್ನೆಲೆಯನ್ನು ಬಿಳಿ ಮಾಡಿ ಉಳಿಸಿದೆ. ಪೋಸ್ಟರಿಗೆ ತಂದಾಗ ಅಣುವಿನ ಜೊತೆಗೆ ಬಿಳಿಯ ಆಯತವೂ ಬಂದಿತು.

ನಮಗೆ ಬೇಕಾದದ್ದು ಬಿಳಿ ಬಣ್ಣವಲ್ಲ, ಬಣ್ಣವೇ ಇಲ್ಲದ ಹಿನ್ನೆಲೆ ಎಂಬುದು ಆಗ ಸ್ಪಷ್ಟವಾಯಿತು. 'ರೇ ಒಪೇಕ್ ಬ್ಯಾಕ್‌ಗ್ರೌಂಡ್' ಎಂಬ ಸೆಟ್ಟಿಂಗಿಗೆ 0 ಬೆಲೆ ಕೊಟ್ಟು ಬೆಳಕು-ನೆರಳುಗಳನ್ನು ಲೆಕ್ಕಹಾಕಿ ನಯವಾದ ಚಿತ್ರ ಕೊಡುವ ರೇ ಆಜ್ಞೆಯನ್ನು ಮತ್ತೆ ನಡೆಸಿದೆ. ಪರದೆಯ ಮೇಲೆ ಅಣುವಿನ ಹಿಂದೆ ಚೌಕಳಿ ವಿನ್ಯಾಸ ಮೂಡಿ, ಪಾರದರ್ಶಕತೆ ಬಂದಿರುವುದು ಖಚಿತವಾಯಿತು. ಆದರೂ ಪೋಸ್ಟರಿನಲ್ಲಿ ಈ ಸಲ ಕಪ್ಪು ಆಯತ ಕಂಡಿತು. ಆಜ್ಞೆಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸುತ್ತ ಬಹಳ ಹೊತ್ತು ಕಳೆದೆ. ದೋಷ ಅಲ್ಲಿರಲಿಲ್ಲ. ಅಂಚು ಕತ್ತರಿಸಲೆಂದು ಬೇರೊಂದು ತಂತ್ರಾಂಶದಲ್ಲಿ ತೆರೆದ ಚಿತ್ರವನ್ನು ನಾನು ಜೆಪೆಗ್ ಆಗಿ ಉಳಿಸಿದ್ದೆ. ಜೆಪೆಗ್‌ನಲ್ಲಿ ಪಾರದರ್ಶಕತೆಯನ್ನು ಇಡಲು ಜಾಗವೇ ಇಲ್ಲವಾದ್ದರಿಂದ ಆ ತಂತ್ರಾಂಶ ಖಾಲಿ ಭಾಗಕ್ಕೆ ಕಪ್ಪನ್ನು ತುಂಬಿತ್ತು. ಪಿಎನ್‌ಜಿ ಕಡತವನ್ನೇ ನೇರವಾಗಿ ಬಳಸಿದಾಗ ಆಯತ ಮಾಯವಾಯಿತು.

ಇನ್ನೊಂದು ಎಡವಟ್ಟೂ ಆಗಿತ್ತು. ರೇ ಮುಗಿದ ಮೇಲೆ ಕೋನ ಸ್ವಲ್ಪ ಸರಿಪಡಿಸೋಣವೆಂದು ಅಣುವನ್ನು ತಿರುಗಿಸಿ ಉಳಿಸಿದ್ದೆ. ನೋಟ ಬದಲಾದ ಕ್ಷಣವೇ ರೇ ಚಿತ್ರ ಹೋಗುವುದರಿಂದ ಕಡತದಲ್ಲಿ ಉಳಿದದ್ದು ಪರದೆಯ ಸಾಧಾರಣ ಚಿತ್ರ ಮಾತ್ರ. ಈಗ ಪಿಎನ್‌ಜಿ ಆಜ್ಞೆಯಲ್ಲೇ ಅಗಲ 2400 ಪಿಕ್ಸೆಲ್, ಎತ್ತರ 1800 ಪಿಕ್ಸೆಲ್, ಡಿಪಿಐ (ಅಂಗುಲಕ್ಕೆ ಚುಕ್ಕೆಗಳು) 300, ರೇ 1 ಎಂದು ಬರೆದುಬಿಡುತ್ತೇನೆ. ಮುದ್ರಣದಲ್ಲಿ ಅದು 8 ಅಂಗುಲ ಅಗಲ, 6 ಅಂಗುಲ ಎತ್ತರವಾಗುತ್ತದೆ.

ನಿಜವಾಗಿ ಯೋಚಿಸುವಂತೆ ಮಾಡಿದ್ದು ಮಸುಕು. ಮುಂದಿನ ಎರಡು ಸರಪಳಿಗಳು ಢಾಳಾಗಿ ಕಂಡರೂ ಹಿಂದಿನ ಸುರುಳಿಯಾಕಾರದ ಹೀಲಿಕ್ಸ್‌ಗಳು ಮಂಜು ಕವಿದಂತಿದ್ದವು, ಅಲ್ಲಿನ ಹೀಮ್‌ಗಳ ಕಡ್ಡಿಗಳು ಬಹುಮಟ್ಟಿಗೆ ಕರಗಿಹೋಗಿದ್ದವು. ದೂರದ ಭಾಗಗಳನ್ನು ಹಿನ್ನೆಲೆಯೊಳಗೆ ಕರಗಿಸಿ ಆಳವನ್ನು ತೋರಿಸುವುದು 'ಡೆಪ್ತ್ ಕ್ಯೂ' ಸೆಟ್ಟಿಂಗಿನ ಕೆಲಸ. ಆದ್ದರಿಂದ ಹಿನ್ನೆಲೆಯ ತೊಂದರೆ ಹಿನ್ನೆಲೆಯಲ್ಲಷ್ಟೇ ಅಲ್ಲ, ಅಣುವಿನ ಮೈಮೇಲೂ ಕಾಣಿಸುತ್ತದೆ. ಅದನ್ನು 0 ಮಾಡಿದರೆ ಎಲ್ಲವೂ ನಿಚ್ಚಳವಾಗುತ್ತದೆ, ಆದರೆ ನಾಲ್ಕು ಸರಪಳಿಗಳು ಒಂದರ ಮೇಲೊಂದು ಬಿದ್ದು ಚಿತ್ರ ಚಪ್ಪಟೆಯಾಗುತ್ತದೆ. ಹಿಮೋಗ್ಲೋಬಿನ್ನಿನಂಥ ದಪ್ಪನೆಯ ಅಣುವಿಗೆ ಅದು ನನಗೆ ಒಪ್ಪಿಗೆಯಾಗಲಿಲ್ಲ. ಹೀಗಾಗಿ ಮಂಜನ್ನು ಪೂರ್ತಿ ತೆಗೆಯದೆ, ಮೊದಲೇ 0.45 ಇದ್ದ 'ಫಾಗ್ ಸ್ಟಾರ್ಟ್' ಬೆಲೆಯನ್ನು 0.7ಕ್ಕೆ ಏರಿಸಿ, ಹಿಂಬದಿಯ ಕ್ಲಿಪಿಂಗ್ ತಲವನ್ನು (ಅದರಾಚೆಗಿನದು ಚಿತ್ರದಲ್ಲಿ ಕಾಣದು) ಇನ್ನಷ್ಟು ಹಿಂದಕ್ಕೆ ಸರಿಸಿದೆ. ಮಂಜಿನ ಆರಂಭ ಮುಂಬದಿಯ ಮತ್ತು ಹಿಂಬದಿಯ ಕ್ಲಿಪಿಂಗ್ ತಲಗಳ ನಡುವಿನ ಅಂತರವನ್ನೇ ಅವಲಂಬಿಸಿರುತ್ತದೆ.

ಚಿತ್ರವನ್ನು ಈಗ ಮೊದಲು ಕಡುಗೆಂಪು ಪುಟದ ಮೇಲಿಟ್ಟು ನೋಡುತ್ತೇನೆ. ಬಿಳಿ ಪುಟದ ಮೇಲೆ ಅಡಗುವ ಆಯತ ಅಲ್ಲಿ ಅಡಗಲಾರದು. ನೀಲಿ ಪೋಸ್ಟರಿನ ಮೇಲೆ ಕೊನೆಗೆ ಕೂತ ಹಿಮೋಗ್ಲೋಬಿನ್‌ನಲ್ಲಿ ಹಿಂಬದಿಯ ಎರಡು ಹೀಮ್‌ಗಳು ಮಸುಕಾದರೂ ಗುರುತಿಸುವಂತಿದ್ದವು.