ಭೇದಿ ಆಗದವರನ್ನೂ ಕೇಳಬೇಕು

ಒಂದೇ ಹಳ್ಳಿಯಿಂದ ವಾಂತಿಭೇದಿ ಅಂತ ಜನ ಸಾಲಾಗಿ ಬರತೊಡಗಿದರೆ ನಾನು ಮೊದಲು ವಿಚಾರಿಸುವುದು ಓಆರ್‌ಎಸ್, ಡ್ರಿಪ್ ಬಾಟಲಿ ಸಾಕಷ್ಟಿವೆಯೇ ಎಂದು. ತನಿಖೆ ಆಮೇಲೆ. ಕಾಲರಾ ಆಗಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

ಆಂಟಿಬಯಾಟಿಕ್ ಕೊಡುವ ಮೊದಲೇ ಮಲದ ಸ್ಯಾಂಪಲ್ ತೆಗೆದು ರೋಗಾಣು ದಾರಿಯಲ್ಲಿ ಸಾಯದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತೇನೆ. ರೋಗಾಣು ಬೆಳೆಸಿ ನೋಡುವ ಕಲ್ಚರ್ ವರದಿಗೆ ದಿನಗಳೇ ಹಿಡಿಯುತ್ತವೆ, ಕಾಯುತ್ತಾ ಕೂರುವ ಹಾಗಿಲ್ಲ. ಮನೆ ಮನೆ ಸುತ್ತಿ ರೋಗಿಗಳ ಪಟ್ಟಿ, ಅಂದರೆ ಲೈನ್ ಲಿಸ್ಟ್, ಬರೆಯಬೇಕು: ವಯಸ್ಸು, ಭೇದಿ ಶುರುವಾದ ಹೊತ್ತು, ಕುಡಿಯುವ ನೀರು ಎಲ್ಲಿಯದು. 24 ಗಂಟೆಯಲ್ಲಿ ಮೂರು ಸಲವಾದರೂ ನೀರಿನಂತೆ ಭೇದಿಯಾದವರನ್ನು ಮಾತ್ರ ಕೇಸು ಎನ್ನುತ್ತೇನೆ. ಇಲ್ಲದಿದ್ದರೆ ಹೊಟ್ಟೆನೋವಿನವರೆಲ್ಲ ಪಟ್ಟಿಗೆ ಸೇರಿ ದಾರಿ ತಪ್ಪಿಸುತ್ತಾರೆ.

ಬಹಳ ತಂಡಗಳು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಸುಳಿವು ಇರುವುದು ಕಾಯಿಲೆ ಬೀಳದವರ ಮನೆಯಲ್ಲಿ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಬ್ರಾಡ್ ಸ್ಟ್ರೀಟಿನ ನೀರಿನ ಪಂಪನ್ನು ಶಂಕಿಸಿದ ವೈದ್ಯ ಜಾನ್ ಸ್ನೋ, ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರು ಯಾಕೆ ಸಾಯಲಿಲ್ಲ ಎಂದೂ ಕೇಳಿದ್ದರು. ಅವರು ಆ ಪಂಪಿನ ನೀರು ಕುಡಿಯುತ್ತಲೇ ಇರಲಿಲ್ಲ.

ನಾನು ನೋಡಿದ ಒಂದು ಹಳ್ಳಿಯಲ್ಲಿ ಬಹುತೇಕ ಎಲ್ಲರಿಗೂ ಒಂದೇ ಟ್ಯಾಂಕಿನ ನೀರು. ಆದರೂ ಒಂದು ಬೀದಿಯಲ್ಲಿ ಮನೆಮನೆಗೂ ಭೇದಿ, ಹಿಂದಿನ ಬೀದಿಯಲ್ಲಿ ಒಬ್ಬರಿಗೂ ಇಲ್ಲ. ಕಾಯಿಲೆಯ ಬೀದಿಯಲ್ಲೇ ಒಂದು ಮನೆಯವರೆಲ್ಲ ಗಟ್ಟಿಮುಟ್ಟಾಗಿದ್ದರು. ಅವರಿಗೆ ಸ್ವಂತ ಬೋರ್‌ವೆಲ್ ಇತ್ತು. ಹಾಗಾದರೆ ದೋಷ ಟ್ಯಾಂಕಿನದಲ್ಲ, ಆ ಬೀದಿಯ ಪೈಪಿನದು. ಕ್ಲೋರಿನ್ ಇದ್ದರೆ ನೀರಿಗೆ ಬಣ್ಣ ತರುವ ಡಿಪಿಡಿ ಮಾತ್ರೆ ಹಾಕಿದಾಗ ಟ್ಯಾಂಕಿನ ನೀರು ಗುಲಾಬಿಯಾಯಿತು, ಬೀದಿಯ ಕೊನೆಯ ನಲ್ಲಿಯದು ಬಣ್ಣವೇ ತಿರುಗಲಿಲ್ಲ. ಕ್ಲೋರಿನ್ ನಡುವೆ ಎಲ್ಲೋ ಮುಗಿದುಹೋಗಿತ್ತು.

ಪೈಪಿನ ಜಾಡು ಹಿಡಿದು ನಡೆದೆವು. ವಾಲ್ವ್ ಗುಂಡಿಯಲ್ಲಿ ಚರಂಡಿ ನೀರು ತುಂಬಿತ್ತು, ಜಾಯಿಂಟಿಗೆ ರಬ್ಬರ್ ಸುತ್ತಿದ್ದರು. ನೀರು ಬಿಟ್ಟಾಗ ಜಾಯಿಂಟಿನಿಂದ ಹೊರಕ್ಕೆ ಚಿಮ್ಮುತ್ತಿತ್ತು. ನಿಲ್ಲಿಸಿದ ಮೇಲೆ ಗುಂಡಿಯ ನೀರು ಕಣ್ಣೆದುರೇ ಇಳಿಯತೊಡಗಿತು, ಖಾಲಿಯಾಗುವ ಪೈಪು ಅದನ್ನು ಒಳಗೆಳೆದುಕೊಳ್ಳುತ್ತಿತ್ತು. ವರದಿ ಬರುವ ಮೊದಲೇ ಆ ಲೈನು ಬಂದ್ ಮಾಡಿಸಿ ಟ್ಯಾಂಕರ್ ತರಿಸಿದೆವು. ಆಮೇಲೆ ಬಂದ ವರದಿ ಕಾಲರಾ ಎಂದೇ ಹೇಳಿತು.

ನೀರಿನ ಸ್ಯಾಂಪಲ್ ಬಾಟಲಿಯಲ್ಲಿ ಕ್ಲೋರಿನ್ ಅಡಗಿಸುವ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು. ಇಲ್ಲದಿದ್ದರೆ ಉಳಿದ ಕ್ಲೋರಿನ್ ದಾರಿಯಲ್ಲೇ ಬ್ಯಾಕ್ಟೀರಿಯಾ ಕೊಂದು, ಕೆಟ್ಟ ನೀರೂ ಒಳ್ಳೆಯದೆಂದು ವರದಿಯಾಗುತ್ತದೆ. ಕಾಮಾಲೆಯ ಕೇಸುಗಳಾದರೆ ಮಾತ್ರ ಪ್ರಶ್ನೆಯೇ ಬೇರೆ: ನೀರಿನಿಂದ ಕಾಮಾಲೆ ತರುವ ವೈರಸ್ ಕಾಯಿಲೆ ಕಾಣಿಸುವ ಮೊದಲು ವಾರಗಟ್ಟಲೆ ದೇಹದೊಳಗಿರುತ್ತದೆ, ಆದ್ದರಿಂದ ತಿಂಗಳ ಹಿಂದೆ ಏನು ಕುಡಿದಿರಿ ಎಂದು ಕೇಳಬೇಕು.

ಪೈಪು ಸರಿಯಾದ ಮೇಲೂ ಮನೆಭೇಟಿ ನಡೆಯುತ್ತಲೇ ಇರಬೇಕು. ಕಾಲರಾ ಸೋಂಕು ತಗುಲಿದರೆ 5 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಕೊನೆಯ ರೋಗಿಯಿಂದ ಅದರ ಎರಡರಷ್ಟು, ಅಂದರೆ 10 ದಿನ, ಹೊಸ ಕೇಸು ಬರದಿದ್ದರೆ ಮಾತ್ರ ಪಟ್ಟಿ ಮುಚ್ಚುತ್ತೇನೆ.