ಮನೆ ನೋಡೋಕೆ ಮಳೆ ಬಂದ ಮರುದಿನ ಹೋಗಿ

ಬೆಂಗಳೂರಿನ ಹೊರಗಿನ ಲೇಔಟ್‌ಗಳಲ್ಲಿ ಮನೆ ಹುಡುಕುತ್ತಿದ್ದೀರಾ? ಭಾನುವಾರ ಬಿಸಿಲಲ್ಲಿ ಹೋಗಿ ಟೈಲ್ಸ್ ನೋಡಿ ಬಂದರೆ ಸಾಲದು. ಜೋರು ಮಳೆ ಸುರಿದ ಮರುದಿನ ಬೆಳಿಗ್ಗೆ ಹೋಗಿ. ಸೆಪ್ಟೆಂಬರ್, ಅಕ್ಟೋಬರ್ ಆದರೆ ಇನ್ನೂ ಒಳ್ಳೇದು, ಇಲ್ಲಿ ಮಳೆ ಜಾಸ್ತಿ ಆಗಲೇ ಅಲ್ವಾ.

ಮೊದಲು ಅಕ್ಕಪಕ್ಕದ ಕಾಂಪೌಂಡ್ ಗೋಡೆ ನೋಡಿ. ಮೊಣಕಾಲೆತ್ತರಕ್ಕೆ ಒಂದೇ ಸಮನೆ ಕೆಸರಿನ ಗೆರೆ ಇದ್ದರೆ ಅಲ್ಲಿವರೆಗೂ ನೀರು ನಿಂತಿತ್ತು ಅಂತಲೇ ಲೆಕ್ಕ. ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಗೇಟಿನ ಬುಡದ ತುಕ್ಕು ನೋಡಿ. ಪಕ್ಕದವರು ಸಂಪಿನ ಬಾಯಿಗೆ ಎರಡು ಸಾಲು ಇಟ್ಟಿಗೆ ಕಟ್ಟಿ ಮುಚ್ಚಳ ಎತ್ತರಿಸಿದ್ದಾರಾ? ಯಾಕೆ ಅಂತ ಅವರನ್ನೇ ಕೇಳಿ. ನಾವು ಕೇಳಿದಾಗ ಒಬ್ಬರು ಅಜ್ಜಿ, "ಹೋದ ವರ್ಷ ಫ್ರಿಜ್ಜೇ ತೇಲ್ತು ಕಣಮ್ಮ" ಅಂದರು. ಬ್ರೋಕರ್ ಸುಮ್ನೆ ಮೊಬೈಲ್ ನೋಡುತ್ತಾ ನಿಂತಿದ್ದ.

ಕೊಳ್ಳುವುದಾದರೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ. ಸೈಟಿನಲ್ಲಿ ನಿಂತು ತೆರೆದರೆ ಸರ್ವೆ ನಂಬರ್ ಬರುತ್ತದೆ. ಹಳೇ ನಕ್ಷೆಯ ಕೆರೆ, ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಎಲ್ಲಿವೆ ಅಂತಲೂ ಗೊತ್ತಾಗುತ್ತದೆ. ಜಿಪಿಎಸ್ ಸ್ವಲ್ಪ ಆಚೀಚೆ ತೋರಿಸಬಹುದು. ಹಾಗಾಗಿ ಕಾಲುವೆ ಹತ್ತಿರವೇ ಇದ್ದರೆ ಅಡ್ವಾನ್ಸ್ ಕೊಡುವ ಮೊದಲು ಸರ್ವೇಯರ್ ಕರೆಸಿ ಅಳತೆ ಮಾಡಿಸಿ.